ಹಿಡಿಕೆಯ ಕೆಳಗಿನ ವಿಭೂತಿ

2022ರ ದಸರೆ ಮುಗಿದ ವಾರ. ಬನಹಟ್ಟಿಯ ನಮ್ಮ ಬ್ಯಾಟರಿ ಅಂಗಡಿಗೆ ಆಗ ನಾನೇ ಮಾಲಕಿ, ನಾನೇ ಮೆಕ್ಯಾನಿಕ್ಕು, ಬೆಳಗ್ಗೆ ಕಸ ಹೊಡೆಯುವವಳೂ ನಾನೇ. ಯಜಮಾನರು ಇದ್ದಾಗ ಅವರು ಮುಂದೆ ಕೂತು ಗಿರಾಕಿಗಳ ಜೊತೆ ಮಾತಾಡುತ್ತಿದ್ದರು, ನಾನು ಹಿಂದೆ ಕೂತು ಆಸಿಡ್ ತುಂಬುತ್ತಿದ್ದೆ. ಅವರು ಹೋದ ಮೇಲೆ ಎರಡೂ ನನ್ನ ಪಾಲಿಗೆ ಬಂದವು. ಎರಡರಲ್ಲಿ ಮಾತಿನಿಂದಲೇ ಕೈ ಸುಡುವುದು ಹೆಚ್ಚು ಎಂದು ಗೊತ್ತಾದದ್ದು ಆಮೇಲೆ. ಕಬ್ಬಿನ ಸೀಜನ್ನಿನಲ್ಲಿ ಟ್ರ್ಯಾಕ್ಟರಿನವರು, ಉಳಿದ ದಿನಗಳಲ್ಲಿ ಮಗ್ಗದ ಮನೆಗಳ ಇನ್ವರ್ಟರಿನವರು ಬರುತ್ತಿದ್ದರು. ಬ್ಯಾಟರಿ ಗೌರವ್ವ ಎಂದರೆ ಜಮಖಂಡಿ, ಮುಧೋಳದವರೆಗೂ ಗುರುತು ಇತ್ತು. ಈಗ ಅಂಗಡಿ ಮುಚ್ಚಿದ್ದೇನೆ. ಮೊಮ್ಮಗಳು ಫೋನಿನಲ್ಲಿ ಟೈಪು ಮಾಡುವುದನ್ನು ಕಲಿಸಿಕೊಟ್ಟಿದ್ದಾಳೆ. ಎಷ್ಟೋ ವರ್ಷ ಸ್ಕ್ರೂಡ್ರೈವರ್ ಹಿಡಿದ ಬೆರಳಿಗೆ ಈ ಗಾಜು ಒತ್ತುವುದು ಇನ್ನೂ ಒಗ್ಗಿಲ್ಲ. ಆದರೂ ಆ ವಾರದ ಕೆಲಸವೊಂದನ್ನು ಬರೆದಿಡಬೇಕು ಅನ್ನಿಸಿದೆ.

ಆ ದಿನ ಅಂಗಡಿಗೆ ಬಂದವನು ಸಂಗಪ್ಪ. ಬೀಳಗಿಯ ಕಡೆ ಕೃಷ್ಣೆಯ ಹಿನ್ನೀರಿನ ದಂಡೆಯ ಊರಿನವನು. ನೌಕಾಪಡೆಯಲ್ಲಿ ನೌಕರಿ ಮುಗಿಸಿ ಊರಿಗೆ ಮರಳಿದ್ದ. ನಮ್ಮ ಭಾಗದಿಂದ ಸೈನ್ಯಕ್ಕೆ ಹೋದವರು ಮರಳಿ ಬಂದರೆ ಹೊಲ ಮಾಡುತ್ತಾರೆ, ಇಲ್ಲವೇ ಬ್ಯಾಂಕಿನ ಬಾಗಿಲು ಕಾಯುತ್ತಾರೆ. ಈತ ಮಾತ್ರ ಒಂದು ಹಾಯಿದೋಣಿ ಕಟ್ಟಿದ್ದ. ಕಾರಣ ಅವನ ಅಕ್ಕ ನೀಲವ್ವ. ಅಣೆಕಟ್ಟಿನ ನೀರು ಏರಿ ಹಳೆಯ ಊರು ಮುಳುಗಿದಾಗ ಅವಳ ಹೊಸ ಮನೆ ಈಚೆ ದಂಡೆಗೆ ಬಂದಿತು, ಹೊಲ ಆಚೆಗೆ ಉಳಿಯಿತು. ಎದುರಿಗೆ ಕಾಣುವ ತನ್ನ ಹೊಲಕ್ಕೆ ಹೋಗಲು ಆಕೆ ಬಸ್ಸು ಬದಲಿಸುತ್ತಾ ಅರ್ಧ ದಿನ ಸುತ್ತಬೇಕು. ನೀರಿನ ಮೇಲಿಂದ ನೇರ ಕರೆದುಕೊಂಡು ಹೋಗುತ್ತೇನೆ ಎಂದು ಸಂಗಪ್ಪ ಅಕ್ಕನಿಗೆ ಮಾತು ಕೊಟ್ಟಿದ್ದ.

ಗಾಳಿ ಇದ್ದಾಗ ಹಾಯಿ ಸಾಕು. ಗಾಳಿ ಬಿದ್ದರೆ ದೋಣಿ ನಡುನೀರಿನಲ್ಲಿ ನಿಲ್ಲುತ್ತದೆ. ಅದಕ್ಕೆಂದು ಒಂದು ಸಣ್ಣ ವಿದ್ಯುತ್ ಮೋಟಾರು ತಂದಿದ್ದ. ಅದಕ್ಕೆ ಬ್ಯಾಟರಿ ಬೇಕು, ಬೆಲೆ ಪಿಂಚಣಿಗೆ ಎಟಕುವಂತಿರಬೇಕು.

“ದೋಣಿ ಮುಳಗಿದ್ರ ನಾ ಈಸತೇನ್ರಿ ಅಕ್ಕಾರ. ನಮ್ಮಕ್ಕಗ ಈಸ ಬರೂದಿಲ್ಲ. ಅಷ್ಟ ತಲ್ಯಾಗ ಇಟಗೊಂಡು ಬ್ಯಾಟರಿ ಆರಿಸಿ ಕೊಡ್ರಿ,” ಎಂದ.

ನನ್ನ ಜೀವಮಾನದಲ್ಲಿ ಯಾರೂ ಬ್ಯಾಟರಿಯನ್ನು ಇಷ್ಟು ಚೊಕ್ಕವಾಗಿ ಕೇಳಿರಲಿಲ್ಲ. ಆ ಕೆಲಸವನ್ನು ಖುಷಿಯಿಂದ ಒಪ್ಪಿಕೊಂಡೆ.

ಓದುವವರಿಗೆ ಸ್ವಲ್ಪ ವಿವರ ಹೇಳಬೇಕು. ಲಾರಿಯ ಬ್ಯಾಟರಿ ಕುಸ್ತಿಯ ಪೈಲ್ವಾನನ ಹಾಗೆ. ಇಂಜಿನ್ ಚಾಲೂ ಮಾಡುವ ಒಂದು ಗಳಿಗೆ ಮೈಯ ಬಲವನ್ನೆಲ್ಲ ಹಾಕುತ್ತದೆ, ಆಮೇಲೆ ಕೂತು ಬಾದಾಮಿ ತಿನ್ನುತ್ತದೆ. ಅದರೊಳಗಿನ ಸೀಸದ ಪ್ಲೇಟುಗಳು ತೆಳು. ಅದನ್ನು ಪದೇ ಪದೇ ತಳದವರೆಗೆ ಖಾಲಿ ಮಾಡಿದರೆ ಒಂದು ಸೀಜನ್ನಿನಲ್ಲಿ ಸಾಯುತ್ತದೆ. ದೋಣಿಗೆ ಬೇಕಾದದ್ದು ಡೀಪ್ ಸೈಕಲ್ ಬ್ಯಾಟರಿ. ಅದು ದಿನವಿಡೀ ರೆಂಟೆ ಎಳೆಯುವ ಎತ್ತು. ಪ್ಲೇಟು ದಪ್ಪ, ನಿಧಾನವಾಗಿ ತಾಸುಗಟ್ಟಲೆ ಕೊಡುತ್ತದೆ, ಖಾಲಿಯಾಗಿ ಮತ್ತೆ ತುಂಬಿಸಿಕೊಳ್ಳುತ್ತದೆ.

ಇದರಲ್ಲೂ ನಾಲ್ಕಾರು ಜಾತಿ. ಲಿಥಿಯಂ ಹಗುರ, ಬಾಳಿಕೆಯದು, ಆದರೆ ಅದರ ಬೆಲೆ ಕೇಳಿ ಸಂಗಪ್ಪ ನನ್ನ ಸ್ಟೂಲಿನ ಮೇಲೆ ಕೂತುಬಿಟ್ಟ. ಆಸಿಡ್ ಚೆಲ್ಲದ ಸೀಲ್ಡ್ ಬ್ಯಾಟರಿ ವಾಲುವ ದೋಣಿಗೆ ಒಳ್ಳೆಯದು, ಅದೂ ತುಟ್ಟಿ. ಮೊಬೈಲ್ ಟವರಿನಿಂದ ಇಳಿಸಿದ ಹಳೆಯ ಸೀಲ್ಡ್ ಬ್ಯಾಟರಿಗಳು ಅಗ್ಗಕ್ಕೆ ಸಿಗುತ್ತವೆ. ಅವನ್ನು ನಾನೇ ಬೇಡ ಎಂದೆ. ಬೇರೆಯವರು ದುಡಿಸಿ ಬಿಟ್ಟ ಬ್ಯಾಟರಿಯ ವಯಸ್ಸನ್ನು ಹೊರಗಿನಿಂದ ಹೇಳಲಾಗುವುದಿಲ್ಲ. ಹೆಂಗಸರಿಗೂ ಬ್ಯಾಟರಿಗೂ ಅದೊಂದು ಸವಲತ್ತು.

ಕೊನೆಗೆ ಆರಿಸಿದ್ದು ಇ-ರಿಕ್ಷಾದ ಬ್ಯಾಟರಿ. ಹನ್ನೆರಡು ವೋಲ್ಟು, ನೂರು ಆಂಪಿಯರ್ ಅವರ್. ನಮ್ಮ ರಸ್ತೆಗಳ ತಗ್ಗುಗಳಲ್ಲಿ ಕುಣಿದು ಬದುಕುವ ಬ್ಯಾಟರಿಗೆ ನೀರಿನ ಅಲೆ ಯಾವ ಲೆಕ್ಕ? ನಾಲ್ಕು ಸಾಕು. ಎರಡೆರಡನ್ನು ಸಾಲಾಗಿ ಜೋಡಿಸಿದರೆ ಮೋಟಾರು ಕೇಳುವ ಇಪ್ಪತ್ತನಾಲ್ಕು ವೋಲ್ಟು ಸಿಗುತ್ತದೆ. ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡದೆ ಎರಡು ತಾಸು ಮೋಟಾರು ಓಡಿಸಬಹುದು, ಆಚೆ ದಂಡೆಯಿಂದ ಈಚೆಗೆ ಒಂದು ತಾಸೂ ಬೇಡ. ಆಸಿಡ್ ಚೆಲ್ಲದಂತೆ ದೋಣಿಯ ತಳದ ನಡುವೆ ಫೈಬರ್ ಪೆಟ್ಟಿಗೆಯಲ್ಲಿಟ್ಟು ಪಟ್ಟಿ ಬಿಗಿದು, ಚಾರ್ಜಾಗುವಾಗ ಹುಟ್ಟುವ ಗ್ಯಾಸು ಹೋಗಲು ಮುಚ್ಚಳಕ್ಕೆ ಕಿಂಡಿ ಬಿಡಬೇಕು. ಸೀಸದ ಭಾರ ತಳದಲ್ಲಿದ್ದರೆ ದೋಣಿಗೂ ಒಳ್ಳೆಯದೇ ಎಂದು ಸಂಗಪ್ಪ ಹೇಳಿದ. ಜೀವನದಲ್ಲಿ ಮೊದಲ ಸಲ ಒಬ್ಬ ಗಿರಾಕಿ ಬ್ಯಾಟರಿ ಭಾರವಾಗಿದೆ ಎಂದು ಮೆಚ್ಚಿಕೊಂಡಿದ್ದ.

ಇಲ್ಲಿ ನಮ್ಮ ಅಂಗಡಿಯ ಒಂದು ಪದ್ಧತಿಯನ್ನು ಹೇಳಬೇಕು. ಹೊಸ ಬ್ಯಾಟರಿಯನ್ನೂ ನಾವು ಹಾಗೇ ಕೊಡುತ್ತಿರಲಿಲ್ಲ. ಪೂರ್ತಿ ಚಾರ್ಜು ಮಾಡಿ, ಸಂಜೆ ಅದಕ್ಕೊಂದು ಲಾರಿಯ ಹೆಡ್‌ಲೈಟ್ ಬಲ್ಬು ಹಚ್ಚಿಟ್ಟು ಮನೆಗೆ ಹೋಗುವುದು. ಬೆಳಗ್ಗೆ ಬಾಗಿಲು ತೆಗೆದಾಗ ಬಲ್ಬು ಕಣ್ಣು ಕುಕ್ಕಬೇಕು. ಕುಕ್ಕಿದರೆ ಪಾಸು. ಪಾಸಾದ ಬ್ಯಾಟರಿಯ ಮೈನಸ್ ಕಡೆ, ಎತ್ತುವ ಹಗ್ಗದ ಹಿಡಿಕೆಯ ಕೆಳಗೆ, ಹೊರಗಿನವರಿಗೆ ಕಾಣದ ಜಾಗದಲ್ಲಿ ಒಂದು ಬೆರಳು ಒದ್ದೆ ವಿಭೂತಿ ಎಳೆಯುತ್ತಿದ್ದೆವು. ಯಜಮಾನರು ಹಾಕಿಕೊಟ್ಟ ರೂಢಿ ಅದು. ಕುಂಕುಮವನ್ನು ಮಾತ್ರ ನಮ್ಮ ಅಂಗಡಿಯಲ್ಲಿ ಬ್ಯಾಟರಿಗೆ ಮುಟ್ಟಿಸುತ್ತಿರಲಿಲ್ಲ. ಅದರ ಪುಡಿ ನೀರು ಹಾಕುವ ಮುಚ್ಚಳದ ಸಂದಿಗೆ ಇಳಿಯುತ್ತದೆ ಎಂದು ಅವರ ತಕರಾರು. ದಸರೆಯ ಆಯುಧಪೂಜೆಗೆ ನಮ್ಮ ಕಡೆ ಖಂಡೇಪೂಜೆ ಅನ್ನುತ್ತೇವೆ, ಆ ದಿನ ಊರೆಲ್ಲ ಯಂತ್ರಗಳಿಗೆ ಕುಂಕುಮ ಬಳಿದರೆ ನಮ್ಮ ಬ್ಯಾಟರಿಗಳು ಬರೀ ವಿಭೂತಿಯಲ್ಲಿ ಸನ್ಯಾಸಿಗಳ ಹಾಗೆ ಕೂತಿರುತ್ತಿದ್ದವು. ಹಿಡಿಕೆಯ ಕೆಳಗಿನ ಗುರುತು ಗೊತ್ತಿದ್ದದ್ದು ಮೂವರಿಗೆ. ಅವರಿಗೆ, ನನಗೆ, ಅಂಗಡಿಯ ಕಟ್ಟೆಯ ಮೇಲೆ ಆಡಿ ಬೆಳೆದ ನಮ್ಮ ಒಬ್ಬಳೇ ಮಗಳು ಶೈಲಾಳಿಗೆ.

ಶೈಲಾಳನ್ನು ಕೊಟ್ಟದ್ದು ಜಮಖಂಡಿಗೆ. ಅವಳ ಮಾವ ಮಲ್ಲಪ್ಪನವರೂ ಬ್ಯಾಟರಿ ವ್ಯಾಪಾರಿಯೇ. ಮನೆಯ ಹಿಂದೆಯೇ ಗೋದಾಮು. ನಾನು ಆ ನಾಲ್ಕನ್ನು ಅವರಲ್ಲಿ ಕೊಳ್ಳದೆ ಬೇರೆ ಕಡೆಯಿಂದ ತರಿಸಿದ್ದೆ. ಅವರ ಅಂಗಡಿಯಲ್ಲೂ ಅದೇ ಕಂಪನಿಯ ಮಾಲು ಇತ್ತು, ದರ ಹೆಚ್ಚಿತ್ತು. ಬೀಗರು ಮುನಿಸಿಕೊಳ್ಳುತ್ತಾರೆ ಎಂದುಕೊಂಡರೆ, ದೋಣಿಯ ಸುದ್ದಿ ಶೈಲಾಳಿಂದ ತಿಳಿದು ಅವರೇ ಫೋನು ಮಾಡಿ ತಮ್ಮ ಗೂಡ್ಸ್ ಗಾಡಿ ಕಳಿಸುತ್ತೇನೆ ಎಂದರು. ಹೇಗೂ ಬೀಳಗಿಗೆ ಹೋಗುವ ದಾರಿ ಜಮಖಂಡಿಯ ಮೇಲೆಯೇ, ಬೀಗರ ಕೆಲಸಕ್ಕೆ ಬಾಡಿಗೆ ಯಾಕೆ, ಊಟ ಮಾಡಿಕೊಂಡು ಮುಂದೆ ಹೋದರಾಯಿತು ಎಂದರು.

ನಾಲ್ಕೂ ಬ್ಯಾಟರಿ ಬಲ್ಬಿನ ಪರೀಕ್ಷೆ ಪಾಸಾಗಿದ್ದವು. ಮತ್ತೆ ಪೂರ್ತಿ ಚಾರ್ಜು ಮಾಡಿ, ವಿಭೂತಿ ಎಳೆದು, ಗಾಡಿಗೆ ಏರಿಸಿ, ಡ್ರೈವರನ ಪಕ್ಕ ಕೂತು ಹೊರಟೆ. ಜಮಖಂಡಿಯಲ್ಲಿ ಗಾಡಿಯನ್ನು ಗೋದಾಮಿನ ಅಂಗಳಕ್ಕೆ ಬಿಟ್ಟರು. ನಾನು ಕೈಕಾಲು ತೊಳೆದು ಊಟಕ್ಕೆ ಕೂತೆ. ಬೀಗರ ಮನೆಯಲ್ಲಿ ಊಟಕ್ಕೆ ಕೂತವಳು ನನ್ನ ಸಾಮಾನು ಎಲ್ಲಿದೆ ಎಂದು ಎದ್ದು ಹೋಗಿ ನೋಡಲಾಗುವುದಿಲ್ಲ. ನೋಡಿದರೆ ಅದು ಮನೆಯವರ ಮುಖಕ್ಕೆ ಹೊಡೆದ ಹಾಗೆ. ಶೈಲಾ ಹೋಳಿಗೆ ಬಡಿಸುತ್ತಿದ್ದಳು. ನಾನು ಸಾಕು ಎಂದು ತಾಟಿನ ಮೇಲೆ ಕೈ ಹಿಡಿದರೆ, ಕೈ ಸರಿಸಿ ಇನ್ನೊಂದು ಹಾಕಿ ತುಪ್ಪ ಬಿಟ್ಟಳು.

“ಏನ್ ಗಡಿಬಿಡಿ ಐತಿ ಬೇ, ಉಣ್ಣ. ನೀರ ಎಲ್ಲೂ ಓಡಿ ಹೋಗೂದಿಲ್ಲ,” ಎಂದಳು.

ಮಗಳು ಇಷ್ಟು ಒತ್ತಾಯ ಮಾಡಿ ಉಣಿಸಿ ಎಷ್ಟು ದಿನವಾಗಿತ್ತೋ. ನಾನು ಉಂಡೆ. ಉಂಡು ಗೋಡೆಗೆ ಒರಗಿ ಒಂದಿಷ್ಟು ಕಣ್ಣು ಮುಚ್ಚಿದೆ. ಆಮೇಲೆ ಎಲೆ ಅಡಿಕೆ ಹಾಕಿಕೊಂಡು ಗಾಡಿ ಹತ್ತಿದೆ.

ಹಿನ್ನೀರಿನ ದಂಡೆಯಲ್ಲಿ ಸಂಗಪ್ಪ ಕಾಯುತ್ತಿದ್ದ. ದೋಣಿಗೆ ಇಳಿಸುವ ಮೊದಲು ನಾನು ಪ್ರತಿಯೊಂದರ ಹಿಡಿಕೆಯ ಕೆಳಗೆ ಬೆರಳಾಡಿಸಿದೆ. ವಿಭೂತಿ ಇತ್ತು. ಹೈಡ್ರೋಮೀಟರ್ ಎಂಬ ಗಾಜಿನ ನಳಿಗೆಯಿಂದ ಆಸಿಡ್ ಎಳೆದು ಅದರ ಗಾಢತೆ ನೋಡಿದೆ, ಅದೂ ಸರಿಯಾಗಿತ್ತು. ಜೋಡಿಸಿ ಪಟ್ಟಿ ಬಿಗಿದೆವು. ಆ ದಿನ ಅವರ ಮನೆಯಲ್ಲೇ ಉಳಿದೆ.

ಮರುದಿನ ಮೊದಲ ಸಲ ನೀಲವ್ವ ದೋಣಿ ಹತ್ತುವವಳಿದ್ದಳು. ದಂಡೆಗೆ ಬಂದವಳು ನೀರು ನೋಡಿ ನಿಂತೇಬಿಟ್ಟಳು. ತಮ್ಮ ಎಷ್ಟು ಹೇಳಿದರೂ ಕಾಲು ಎತ್ತಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿದಳು.

“ಬ್ಯಾಟರಿ ಇಟ್ಟಾಕಿ ದಂಡಿ ಮ್ಯಾಲ, ನಾ ನೀರಾಗ. ಇದ್ಯಾವ ನ್ಯಾಯ? ನೀವೂ ಹತ್ರಿ, ನಾನೂ ಹತ್ತತೇನಿ.”

“ಹತ್ತತೇನಿ ತಗೋರಿ. ಮುಳಗಿದ್ರ ಎಲಿ ಅಡಿಕಿ ಚೀಲಾ ಮ್ಯಾಲ ಹಿಡಕೊಂಡ ಮುಳಗೂಣು,” ಎಂದೆ.

ಇಬ್ಬರು ಮುದುಕಿಯರೂ ಸೀರೆಯ ನೆರಿಗೆ ಎತ್ತಿ ಕಟ್ಟಿ, ಅದರ ಮೇಲೆ ನೀರಿಗೆ ಬಿದ್ದರೆ ತೇಲಿಸುವ ಕಿತ್ತಳೆ ಬಣ್ಣದ ಜಾಕೀಟು ತೊಟ್ಟು ಕೂತೆವು. ಸಂಗಪ್ಪ ಹಾಯಿ ಬಿಚ್ಚಿದ. ಬೆನ್ನಿಗೆ ಗಾಳಿ ಇತ್ತು. ಸದ್ದಿಲ್ಲ, ಹೊಗೆಯಿಲ್ಲ, ದೋಣಿ ಜಾರುತ್ತಾ ಹೋಯಿತು. ನೀಲವ್ವ ಮೊದಲು ನನ್ನ ತೋಳು ಹಿಡಿದಿದ್ದಳು. ನಡುನೀರು ದಾಟುವ ಹೊತ್ತಿಗೆ ತೋಳು ಬಿಟ್ಟು, ಕೆಳಗೆ ಮುಳುಗಿದ ತನ್ನ ಹಳೆಯ ಊರಿನ ಓಣಿಗಳನ್ನು ಬೆರಳು ಮಾಡಿ ತೋರಿಸುತ್ತಿದ್ದಳು. ಆಚೆ ದಂಡೆಯಲ್ಲಿ ಇಳಿದು ಹೊಲದಲ್ಲಿ ಅಡ್ಡಾಡಿ, ಮೊಳಕೆಯೊಡೆದ ಜೋಳದ ಸಾಲಿನಲ್ಲಿ ಕೂತು ಬುತ್ತಿ ಬಿಚ್ಚಿದೆವು. ಊಟ ಮಾಡುವಾಗ ಅವಳು ತಮ್ಮನಿಗೆ ಹೇಳಿದಳು, ಇನ್ನು ಮೇಲೆ ವಾರಕ್ಕೊಮ್ಮೆ ಬರೋಣ ಅಂತ. ಸಂಗಪ್ಪ ನನ್ನ ಕಡೆ ನೋಡಿ ನಕ್ಕ.

ಮರಳುವಾಗ ಗಾಳಿ ಬಿದ್ದಿತು. ಅದಕ್ಕೇ ತಾನೇ ಮೋಟಾರು? ಸಂಗಪ್ಪ ಗುಂಡಿ ಒತ್ತಿದ, ದೋಣಿ ಹೊರಟಿತು. ನಾನು ಕಾಲು ಚಾಚಿ, ಇದು ನನ್ನ ಕೆಲಸ ಎಂದು ಹೆಮ್ಮೆಯಿಂದ ಕೂತೆ. ಅರ್ಧ ದಾರಿಯೂ ಆಗಿರಲಿಲ್ಲ, ಮೋಟಾರಿನ ದನಿ ತಗ್ಗಿತು. ಜ್ವರ ಬಂದವರ ಹಾಗೆ ನರಳಿತು. ವೋಲ್ಟೇಜ್ ತೋರಿಸುವ ಮೀಟರು ನನ್ನ ಕಣ್ಣೆದುರೇ ಇಳಿಯುತ್ತಿತ್ತು. ಪೂರ್ತಿ ತುಂಬಿದ ನಾಲ್ಕು ಹೊಸ ಬ್ಯಾಟರಿ ಅಷ್ಟು ಬೇಗ ಹಾಗೆ ಇಳಿಯಲು ಸಾಧ್ಯವೇ ಇಲ್ಲ. ಮೋಟಾರು ನಿಂತಿತು.

ನೀರಿಗೆ ಸೆಳೆತವಿತ್ತು. ದೋಣಿ ಮೆಲ್ಲಗೆ ಅಡ್ಡ ತಿರುಗಿ, ಮುಳುಗಿದ ಊರಿನ ಗೋಡೆಗಳಿದ್ದ ಕಡೆ ಸರಿಯತೊಡಗಿತು. ಅಲ್ಲಿ ನೀರಿನ ಮಟ್ಟಕ್ಕೆ ಸ್ವಲ್ಪ ಕೆಳಗೆ ಕಲ್ಲು, ಒಣಗಿದ ಜಾಲಿಯ ಕೊಂಬೆಗಳಿವೆ, ತಳ ತಾಗಿದರೆ ಸೀಳುತ್ತದೆ. ಸಂಗಪ್ಪ ಲಂಗರು ಎಸೆದ. ಅದು ಕಚ್ಚಲಿಲ್ಲ. ಹುಟ್ಟು ಹಿಡಿದು ಒಂದೇ ಸಮನೆ ಜಗ್ಗತೊಡಗಿದ. ನೀಲವ್ವ ನನ್ನ ತೋಳು ಹಿಡಿದು ಕಣ್ಣು ಮುಚ್ಚಿ ಕೂತಳು. ಎಲೆ ಅಡಿಕೆಯ ಚೀಲದ ಮಾತು ನೆನಪಾಗಿ ನನಗೆ ನನ್ನ ನಾಲಿಗೆಯ ಮೇಲೇ ಸಿಟ್ಟು ಬಂದಿತು. ಎರಡನೆಯ ಸಲ ಎಸೆದ ಲಂಗರು ಹಿಡಿಯಿತು. ಗೋಡೆಗಳು ಅಲ್ಲಿಂದ ಒಂದು ಹಗ್ಗದ ದೂರ. ಸಂಗಪ್ಪ ಅಂಗಿ ಬಿಚ್ಚಿ ಬೀಸಿದ. ಸಂಜೆಗೆ ಮೀನು ಹಿಡಿಯುವವರ ಡೀಸೆಲ್ ದೋಣಿ ಬಂದು ನಮ್ಮನ್ನು ಎಳೆದು ದಂಡೆಗೆ ತಂದಿತು.

ನೀಲವ್ವ ಇಳಿದು, ಜಾಕೀಟು ಬಿಚ್ಚಿ ಮಡಚಿ ದೋಣಿಯೊಳಗಿಟ್ಟು, ಹಿಂದೆ ನೋಡದೆ ಮನೆಗೆ ನಡೆದಳು. ಸಂಗಪ್ಪ ಬಹಳ ಹೊತ್ತು ಹಗ್ಗ ಕಟ್ಟುತ್ತಲೇ ಇದ್ದ. ಆಮೇಲೆ ಕೇಳಿದ.

“ಪಾಸ್ ಮಾಡಿದ್ರ್ಯಲ್ರಿ ಅಕ್ಕಾರ?”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ನಾನು ಪೆಟ್ಟಿಗೆ ತೆರೆದೆ. ಚೀಲದಲ್ಲಿದ್ದ ಹೆಡ್‌ಲೈಟ್ ಬಲ್ಬನ್ನು ಒಂದೊಂದು ಬ್ಯಾಟರಿಗೆ ಹಚ್ಚಿದೆ. ಕೆಂಡದ ಹಾಗೆ ಕೆಂಪಗೆ ಮಿಣುಕಿ ಆರಿತು. ತಲೆಯ ಪಿನ್ನು ತೆಗೆದು ಮುಚ್ಚಳಗಳ ಸಂದಿ ಕೆದಕಿದೆ. ಪಿನ್ನಿನ ತುದಿಗೆ ಕೆಂಪು ಬಂದಿತು. ಕುಂಕುಮ. ಯಾರೋ ಮೈಯೆಲ್ಲ ಒರೆಸಿ ತೊಳೆದು ಹೊಸ ಸ್ಟಿಕ್ಕರು ಅಂಟಿಸಿದ್ದರು, ಮೈಮೇಲಿನ ನಂಬರನ್ನು ಮರಳು ಕಾಗದದಿಂದ ತಿಕ್ಕಿದ್ದರು. ಆದರೆ ಸಂದಿಯೊಳಗಿನ ಖಂಡೇಪೂಜೆ ಹಾಗೇ ಉಳಿದಿತ್ತು. ಅವು ವಾರದ ಹಿಂದೆ ಯಾವುದೋ ರಿಕ್ಷಾದಲ್ಲಿ ಪೂಜೆ ಮಾಡಿಸಿಕೊಂಡು, ಸತ್ತು, ಗುಜರಿಗೆ ಬಂದ ಬ್ಯಾಟರಿಗಳು. ಹಳೆಯ ಬ್ಯಾಟರಿಗೆ ಗಾಢ ಆಸಿಡ್ ಸುರಿದರೆ ಹೈಡ್ರೋಮೀಟರ್ ಒಳ್ಳೆಯದು ಎಂದೇ ಹೇಳುತ್ತದೆ. ಅದು ಆಸಿಡ್ಡನ್ನು ಅಳೆಯುತ್ತದೆ, ಪ್ಲೇಟಿನ ಜೀವವನ್ನಲ್ಲ. ಈ ಮೋಸ ವ್ಯಾಪಾರದವರಿಗೆಲ್ಲ ಗೊತ್ತು.

ಜಮಖಂಡಿಯ ಅಂಗಳದಲ್ಲಿ ಬದಲಾಗಿವೆ ಎಂದು ಹೊಳೆಯಲು ಹೊತ್ತು ಹಿಡಿಯಲಿಲ್ಲ. ಮಲ್ಲಪ್ಪನವರ ಮೇಲೆ ಸಿಟ್ಟು ಬಂದಿತು, ಆದರೆ ಆಶ್ಚರ್ಯವಾಗಲಿಲ್ಲ. ಮುಚ್ಚಳ ಹಾಕಲು ಹೋದ ಕೈ ರೂಢಿಯಂತೆ ಹಿಡಿಕೆಯ ಕೆಳಗೆ ಹೋಯಿತು. ವಿಭೂತಿ ಬೆರಳಿಗೆ ಹತ್ತಿತು. ನಾಲ್ಕರಲ್ಲೂ, ಮೈನಸ್ ಕಡೆ, ಸರಿಯಾಗಿ ಅದೇ ಜಾಗದಲ್ಲಿ, ಒಂದೇ ಬೆರಳು.

ಆ ಜಾಗ ಮಲ್ಲಪ್ಪನವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಮೂವರಲ್ಲಿ ಒಬ್ಬರು ತೀರಿಕೊಂಡಿದ್ದರು, ಒಬ್ಬಳು ದೋಣಿಯಲ್ಲಿ ಕೂತಿದ್ದಳು.

ಮರುದಿನ ಬೆಳಗಿನ ಬಸ್ಸಿಗೆ ಜಮಖಂಡಿಗೆ ಹೋದೆ. ಮಲ್ಲಪ್ಪನವರು ಅಂಗಡಿಯ ಗಾದಿಯ ಮೇಲೆ ಕೂತಿದ್ದರು. ನಾನು ಪಿನ್ನಿನ ತುದಿಯ ಕುಂಕುಮ ತೋರಿಸಿದಾಗ ಅಲ್ಲ ಅನ್ನಲೂ ಇಲ್ಲ. ದಸರೆ ಮುಗಿದ ಕೂಡಲೇ ಕೊಡುತ್ತೇನೆ ಎಂದು ಮುಧೋಳದ ಒಬ್ಬ ಗಿರಾಕಿಗೆ ಮಾತು ಕೊಟ್ಟಿದ್ದರಂತೆ, ಕಂಪನಿಯಿಂದ ಮಾಲು ಬಂದಿರಲಿಲ್ಲವಂತೆ, ಮಾತು ಹೋಗಬಾರದಲ್ಲ ಅಂತೆ.

“ಗಾಳೀಲೆ ಹೋಗು ದೋಣಿಗಿ ಹೊಸಾ ಬ್ಯಾಟರಿ ಯಾಕ್ರಿ ಬೀಗತ್ಯಾರ? ಹೆಸರಿಗಿ ಇದ್ರ ಸಾಕಲ್ರಿ. ಹೊಸಾ ಮಾಲ ಬಂದ ಕೂಡ್ಲೆ ಬದಲಿ ಕೊಡಾಂವ ಇದ್ದೆ,” ಎಂದರು, ನಗುತ್ತಾ.

ತಮ್ಮ ಮಾತನ್ನು ನನ್ನ ಬ್ಯಾಟರಿಯಿಂದ ಉಳಿಸಿಕೊಂಡಿದ್ದರು. ವಿಭೂತಿ ಇಟ್ಟವರು ಯಾರು ಎಂದು ಕೇಳಿದೆ. ಅವರ ನಗು ನಿಂತಿತು. ಕಣ್ಣು ಒಳಗಿನ ಬಾಗಿಲ ಕಡೆ ಹೋಯಿತು.

ಶೈಲಾ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತದ್ದು ಗೊತ್ತಾದರೂ ಕೈ ನಿಲ್ಲಿಸಲಿಲ್ಲ.

“ನೀ ಮುಟ್ಟಿ ನೋಡತಿ ಅಂತ ಗೊತ್ತಿತ್ತ ಬೇ,” ಎಂದಳು, ರೊಟ್ಟಿಯನ್ನೇ ನೋಡುತ್ತಾ. “ಗುರತಾ ಇರದಿದ್ರ ಅಲ್ಲಿಂದನ ಜಗಳಾ ತಗೀತಿದ್ದಿ. ನೀ ಜಗಳಾ ಮಾಡಿ ಬನಟ್ಟಿಗಿ ಹೋಗತಿ. ನಾ ಇಲ್ಲೇ ಇರಬೇಕಲ್ಲ. ಮೋಟಾರ ಬರೇ ಹೆಸರಿಗಿ ಅಂದ್ರು ಮಾವಾರು.”

“ಆ ದೋಣ್ಯಾಗ ನಾ ಇದ್ನಿ ಯವ್ವಾ.”

ಬಡಿಯುವ ಸದ್ದು ನಿಂತಿತು. ಅವಳಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೆ ಮಾಡುತ್ತಿರಲಿಲ್ಲ ಎಂದು ನನಗೂ ಗೊತ್ತು. ಆದರೆ ಬಸ್ಸಿನಲ್ಲಿ ಮರಳುವಾಗ ನನ್ನನ್ನು ಚುಚ್ಚಿದ್ದು ಅದೇ. ದೋಣಿಯಲ್ಲಿ ನಾನು ಇಲ್ಲದಿದ್ದರೆ ನೀಲವ್ವ ಮುಳುಗಿದರೂ ನಡೆಯುತ್ತಿತ್ತೇ? ಆ ಹೋಳಿಗೆಯನ್ನೂ ನೆನೆದೆ. ಕೈ ಸರಿಸಿ ಬಡಿಸಿದ್ದು, ತುಪ್ಪ ಬಿಟ್ಟಿದ್ದು, ನೀರು ಎಲ್ಲೂ ಓಡಿ ಹೋಗುವುದಿಲ್ಲ ಎಂದಿದ್ದು. ನನ್ನ ಅಂಗಡಿಯಲ್ಲಿ ಎಷ್ಟೋ ಜನ ಎಷ್ಟೋ ರೀತಿಯಲ್ಲಿ ನನಗೆ ಮೋಸ ಮಾಡಲು ನೋಡಿದ್ದಾರೆ. ತುಪ್ಪ ಹಾಕಿ ಮಾಡಿದವಳು ಇವಳೊಬ್ಬಳೇ.

ಬೇರೆ ನಾಲ್ಕು ಬ್ಯಾಟರಿಯನ್ನು ನಾನೇ ತಂದು ಬೀಳಗಿಗೆ ಹೋದೆ, ಬಾಡಿಗೆ ಗಾಡಿಯಲ್ಲಿ, ಎಲ್ಲೂ ಇಳಿಯದೆ. ಸಂಗಪ್ಪನಿಗೆ ನಡೆದದ್ದನ್ನೆಲ್ಲ ಹೇಳಿದೆ. ಮಗಳ ಹೆಸರನ್ನು ಬಿಟ್ಟು ಹೇಳಬಹುದಿತ್ತು. ಬಿಡಲಿಲ್ಲ. ಅವನ ಅಕ್ಕನ ಜೀವದ ಮಾತು ಅದು. ಅವನು ಕೇಳಿಸಿಕೊಂಡು, ಹೊಸ ಬ್ಯಾಟರಿಗಳ ಕಡೆ ನೋಡಿದ.

“ಇವಕ್ಕ ಗುರತಾ ಹಾಕೀರೇನ್ರಿ?”

“ಇಲ್ಲ. ದೋಣ್ಯಾಗ ಇಟ್ಟ ಬಲ್ಬ ಹಚ್ಚೂಣು. ಬೆಳಗ ಮುಂಜಾನೆ ನೀನ ನೋಡು, ನೀನ ಹೇಳು,” ಎಂದೆ.

ಬೆಳಗ್ಗೆ ನಾಲ್ಕೂ ಬಲ್ಬು ನೀರಿನ ಮೇಲೆ ಕಣ್ಣು ಕುಕ್ಕುತ್ತಿದ್ದವು. ಸಂಗಪ್ಪ ಪಾಸು ಎಂದ. ಆ ದೋಣಿ ಈಗಲೂ ಓಡುತ್ತಿದೆ, ಆಚೆ ದಂಡೆಯಲ್ಲಿ ಹೊಲ ಇರುವ ಎಷ್ಟೋ ಜನ ಅದರಲ್ಲಿ ಹೋಗಿ ಬರುತ್ತಾರೆ. ನೀಲವ್ವ ಮಾತ್ರ ಅವತ್ತಿನಿಂದ ಬಸ್ಸಿಗೇ ಸುತ್ತು ಹಾಕುತ್ತಾಳೆ. ನಾನು ಎರಡು ಸಲ ಹೋಗಿ ಕರೆದೆ. ಚಹಾ ಕೊಟ್ಟಳು, ದೋಣಿಯ ಮಾತು ಎತ್ತಲಿಲ್ಲ. ಅವಳಿಗೆ ಮತ್ತೆ ಹತ್ತು ಎನ್ನುವ ಹಕ್ಕು ನನಗಿಲ್ಲ.

ಅಷ್ಟು ವರ್ಷ ಬ್ಯಾಟರಿಗಳ ನಡುವೆ ಕೂತು ನಾನು ಕಲಿತದ್ದು ಇಷ್ಟು. ಪರೀಕ್ಷೆಯನ್ನು ಅಂಗಡಿಯಲ್ಲಲ್ಲ, ಬ್ಯಾಟರಿ ದುಡಿಯುವ ಜಾಗದಲ್ಲಿ ಮಾಡಬೇಕು, ಅದನ್ನು ನಂಬಿ ಕೂರುವವರ ಕಣ್ಣೆದುರು ಮಾಡಬೇಕು. ಗುರುತು ಎಂಬುದು ಪರೀಕ್ಷೆಯ ನೆನಪು ಅಷ್ಟೇ, ಅದನ್ನು ಯಾರು ಬೇಕಾದರೂ ಎಳೆಯಬಹುದು. ತೀರ ಹತ್ತಿರದವರು ಇನ್ನೂ ಚೆನ್ನಾಗಿ ಎಳೆಯುತ್ತಾರೆ. ಆಮೇಲೆ ಅಂಗಡಿ ಮುಚ್ಚುವವರೆಗೂ ನಾನು ಯಾವ ಬ್ಯಾಟರಿಗೂ ಹಿಡಿಕೆಯ ಕೆಳಗೆ ವಿಭೂತಿ ಇಡಲಿಲ್ಲ.

ಮಗಳ ಮನೆಗೆ ಹೋಗುವುದನ್ನು ಬಿಟ್ಟಿಲ್ಲ. ಟೈಪು ಕಲಿಸಿದ ಮೊಮ್ಮಗಳು ಅವಳ ಮಗಳೇ, ಇದನ್ನು ಓದುತ್ತಾಳೆ, ಓದಲಿ. ಆದರೆ ಆ ಘಟನೆಯಾದ ಮೇಲೆ ಬೇರೊಬ್ಬ ಗಿರಾಕಿಗೆ ಮೊದಲ ಸಲ ಬ್ಯಾಟರಿ ಹೇರಿಕೊಂಡು ಜಮಖಂಡಿಯ ಮೇಲೆ ಹೋಗುವಾಗ ಗಾಡಿಯನ್ನು ಅವರ ಮನೆಯ ಮುಂದೆ ರಸ್ತೆಯ ಮೇಲೇ ನಿಲ್ಲಿಸಿದೆ. ಶೈಲಾ ಊಟಕ್ಕೆ ಒಳಗೆ ಕರೆದಳು. ನಾನು ಗಾಡಿಯ ಹಿಂದೆ ಹೋಗಿ ಬ್ಯಾಟರಿಗಳ ಮೇಲೆ ಹತ್ತಿ ಕೂತು, ಹಸಿವಾಗಿದೆ, ತಾಟು ಇಲ್ಲಿಗೇ ತಾ ಎಂದೆ. ಅವಳು ತಂದಳು. ಬಿಸಿಲಿನಲ್ಲಿ ಸೆರಗು ತಲೆಯ ಮೇಲೆ ಎಳೆದುಕೊಂಡು, ಹೋಳಿಗೆ, ತುಪ್ಪದ ಬಟ್ಟಲು ಹಿಡಿದು, ನಾನು ಉಂಡು ಮುಗಿಸುವವರೆಗೂ ನಿಂತಿದ್ದಳು. ನಾನು ಸಾಕು ಎಂದು ಕೈ ಅಡ್ಡ ಹಿಡಿದಾಗ ಇನ್ನೊಂದು ಹಾಕಲಿಲ್ಲ.